ಎರಡು ಊರಿಗೆ ಒಂದೇ ತಾಯತ

ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದ ಮೇಲೆ ರೇಷ್ಮೆಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆ ಸದ್ದು ಕೇಳುತ್ತಿದ್ದರೆ ಮನೆಯವರಿಗೆ ನೆಮ್ಮದಿ. ಹೋದ ಆಷಾಢದಲ್ಲಿ ನಮ್ಮ ಬೀದಿಯ ಆವಲಪ್ಪನವರ ಹುಳುಮನೆಯಲ್ಲಿ ಆ ಸದ್ದು ನಿಂತುಹೋಯಿತು. ನೂರೈವತ್ತು ಮೊಟ್ಟೆಗೊಂಚಲಿನ ಸಾವಿರಾರು ಹುಳು ಮೆತ್ತಗಾಗಿ, ಕಪ್ಪಾಗಿ, ಮೂರೇ ದಿನದಲ್ಲಿ ಗುಂಡಿ ಸೇರಿತು. ಬೀದಿಯ ಇನ್ನೂ ಮೂರು ಮನೆಗಳದ್ದು ಇದೇ ಪಾಡು. ಆದರೆ ಆವಲಪ್ಪನವರ ಮಗ್ಗುಲ ಮನೆ ಪಿಳ್ಳಪ್ಪನವರ ಹುಳುವಿಗೆ ಏನೂ ಆಗಲಿಲ್ಲ. ಅವರ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಒಳ್ಳೆಯ ಬೆಲೆಗೆ ಹರಾಜಾಯಿತು.

ನಾನು ಶೋಭಾರಾಣಿ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಕಳವಾರ ದಾಟಿ ಬೆಟ್ಟದ ಮಗ್ಗುಲು ಹಿಡಿದು ಬಂದರೆ ನಮ್ಮೂರು. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಮುಚ್ಚಿಡದೆ ಹೇಳುತ್ತೇನೆ.

ಹುಳು ಸತ್ತ ವಾರಕ್ಕೆ ಆವಲಪ್ಪನವರ ಹೆಂಡತಿ ಶ್ಯಾಮಲಮ್ಮ ಗ್ರಂಥಾಲಯಕ್ಕೆ ಬಂದರು. ಯಾರೂ ಇಲ್ಲದ್ದು ನೋಡಿಕೊಂಡು ಮೆಲ್ಲಗೆ ಕೇಳಿದರು.

"ಶೋಭಮ್ಮಾ, ಒಂದು ಕೇಳ್ತೀನಿ, ಬೈಬ್ಯಾಡ. ನಾರಾಯಣಮ್ಮ ನಮ್ಮ ಹುಳಕ್ಕೆ ಏನಾದ್ರೂ ಮಾಡ್ಸಿರಬೋದಾ?"

ನಾರಾಯಣಮ್ಮ ಎಂದರೆ ಪಿಳ್ಳಪ್ಪನವರ ಹೆಂಡತಿ. ಇವರಿಬ್ಬರೂ ಮೂವತ್ತು ವರ್ಷದಿಂದ ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದವರು.

"ಅಯ್ಯೋ, ಯಾಕಕ್ಕಾ ಹಂಗಂತೀರಾ?"

"ಅವಳ ಹುಳುಮನೆ ಬಾಗಿಲು ಯಾವಾಗ್ಲೂ ಹಾಕಿರ್ತೈತೆ. ನನ್ನೂ ಒಳಗೆ ಬಿಡಲ್ಲ. ಒಳಗೆ ಏನೈತೋ ಯಾರು ಕಂಡೋರು? ಇದನ್ನ ನೋಡು, ನನ್ನ ಮಗ ರಮೇಶ ಕಳಿಸವ್ನೆ" ಎಂದು ಮೊಬೈಲು ಕೊಟ್ಟರು.

ವಿಡಿಯೋದಲ್ಲಿ ನಮ್ಮೂರ ಹೊಲದ ವೀರಗಲ್ಲು ಕಾಣಿಸಿತು. ಹಿಂದೆ ನಗಾರಿ ಸದ್ದು. ಒಂದು ದಪ್ಪ ದನಿ ಹೇಳುತ್ತಿತ್ತು: ಹತ್ತು ಸಾವಿರ ವರ್ಷದ ಹಿಂದೆ ಈ ಬೆಟ್ಟದಡಿ ಮಹಾ ಸಾಮ್ರಾಜ್ಯವಿತ್ತು. ಅದರ ರಾಜರು ಆಕಾಶದಲ್ಲಿ ಹಾರುತ್ತಿದ್ದರು. ಅವರ ರಕ್ತವೇ ನಿಮ್ಮಲ್ಲಿ ಹರಿಯುತ್ತಿದೆ. ಬೆಟ್ಟದೊಳಗಿನ ಶಕ್ತಿಮಣಿಗೆ ಮೂಡಲ ಸೀಮೆಯಿಂದ ಬಂದ ಮಾಟಗಾರರು ದಿಗ್ಬಂಧನ ಹಾಕಿದರು. ಈ ಕಲ್ಲೇ ಅದರ ಬೀಗ. ಆ ಮಾಟಗಾರರ ವಂಶದ ಒಂದು ಮನೆ ಇವತ್ತಿಗೂ ನಿಮ್ಮೂರಲ್ಲಿದೆ. ಅದು ಇರುವ ತನಕ ನಿಮಗೆ ಏಳಿಗೆಯಿಲ್ಲ. ಇದು ಮೂಲವಂಶ ಪಡೆಯ ಕರೆ.

ಪಿಳ್ಳಪ್ಪನವರ ತಾತ ಚಿಂತಾಮಣಿ ಕಡೆಯಿಂದ, ಅಂದರೆ ನಮಗೆ ಮೂಡಲಿಂದ, ಬಂದು ನೆಲೆಸಿದವರು. ಇನ್ನು ಯಾವ ಮನೆ ಎಂದು ಹೇಳಬೇಕಾಗಿರಲಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ. "ರಾಜರೇ ಹಾರ್ತಿದ್ರಂತೆ, ನಾವ್ಯಾಕಕ್ಕ ದಿನಾ ಬಸ್ಸಿಗೆ ಕಾಯ್ತಾ ನಿಂತ್ಕೋತೀವಿ?" ಎಂದೆ.

ಶ್ಯಾಮಲಮ್ಮನ ಮುಖ ಸಣ್ಣದಾಯಿತು. ಮೊಬೈಲು ಕಿತ್ತುಕೊಂಡು ಹೊರಟುಹೋದರು. ಆಮೇಲೆ ತಿಂಗಳ ಮೇಲಾದರೂ ಅವರು ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ತಪ್ಪು ಅದೇ. ಮನೆಯಲ್ಲಿ ಬೆಳೆ ಹೋಗಿ ಸಂಕಟದಲ್ಲಿದ್ದವರು ಬಂದು ಕೇಳಿದರೆ ನಾನು ಜಾಣತನ ತೋರಿಸಿಕೊಂಡೆ.

ಅವರ ಸಂಕಟ ಕೇಳಿಸಿಕೊಂಡವನು ಬೇರೊಬ್ಬ. ವೇಣುಗೋಪಾಲ್ ಅಂತ, ಮೂಲವಂಶ ಪಡೆಯವನು. ಬಿಳಿ ಕಾರು, ಇಸ್ತ್ರಿ ಅಂಗಿ, ನಯವಾದ ಮಾತು. ಹುಳು ಹೂತ ಗುಂಡಿಯ ಹತ್ತಿರ ಬಂದು ಕೂತು, ಆವಲಪ್ಪನವರ ಭುಜದ ಮೇಲೆ ಕೈ ಇಟ್ಟನಂತೆ. ಒಂದು ಗಂಟೆ ಅವರ ಮಾತನ್ನೇ ಕೇಳಿದನಂತೆ. ಕೊನೆಗೆ ಎದ್ದು, "ದೊಡ್ಡೋರೇ, ನೀವು ಯಾರು ಅನ್ನೋದೇ ನಿಮಗೆ ಗೊತ್ತಿಲ್ಲ" ಎಂದನಂತೆ. ಆವಲಪ್ಪನವರಿಗೆ ಅದು ಸಾಕಾಯಿತು.

ಮಗ ರಮೇಶ್‌ಬಾಬುಗೆ ಅದಕ್ಕಿಂತ ಹೆಚ್ಚು ಬೇಕಿತ್ತು. ಇಪ್ಪತ್ತಾರು ವರ್ಷದ ಹುಡುಗ, ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಾಲ್ಕು ವರ್ಷವಾದರೂ ಪರ್ಮನೆಂಟ್ ಆಗಿರಲಿಲ್ಲ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ಇಲ್ಲಿ ಪಡೆಯವರು ಅವನನ್ನು ವೀರಗಲ್ಲಿನ ಮುಂದೆ ನಿಲ್ಲಿಸಿ "ದ್ವಾರಪಾಲಕ" ಅಂದರು. ಕೊರಳಿಗೆ ಕಪ್ಪು ದಾರದಲ್ಲಿ ಮೂರು ಗೆರೆಯ ಒಂದು ತಾಮ್ರದ ತಾಯತ ಕಟ್ಟಿದರು. "ಇದರೊಳಗೆ ನಿಮ್ಮ ಕಲ್ಲಿನ ಪುಡಿ ಇದೆ. ಇಂಥದ್ದು ಭೂಮಿ ಮೇಲೆ ಇನ್ನೊಂದಿಲ್ಲ. ಬಿಚ್ಚಿ ನೋಡಿದರೆ ರಕ್ತ ಕಾರಿ ಸಾಯುತ್ತೀಯ" ಎಂದು ಆಣೆ ಇಡಿಸಿದರು. ತಾಯತದ ವಿಷಯ ಅಮ್ಮನಿಗೂ ಹೇಳಬಾರದು ಎನ್ನುವುದೂ ಆಣೆಯಲ್ಲಿ ಸೇರಿತ್ತು.

ಶ್ರಾವಣದ ಹೊತ್ತಿಗೆ ಬೀದಿಯ ಗಾಳಿಯೇ ಕೆಟ್ಟಿತು. ಪಿಳ್ಳಪ್ಪನವರ ಮೊಮ್ಮಗಳು ಧನುಶ್ರೀ, ಏಳನೇ ಕ್ಲಾಸು, ದಿನಾ ಗ್ರಂಥಾಲಯಕ್ಕೆ ಬರುವವಳು. ಒಂದು ಸಂಜೆ ಪುಸ್ತಕ ತೆಗೆಯದೆ ಸುಮ್ಮನೆ ಕೂತಿದ್ದಳು.

"ಆಂಟಿ, ರಮೇಶಣ್ಣ ನನ್ನ ಕಂಡ್ರೆ ಉಗುಳ್ತಾನೆ. ನಾನೇನು ಮಾಡ್ದೆ?"

ನೀನೇನೂ ಮಾಡಿಲ್ಲ ಎಂದು ಅವಳನ್ನು ಮನೆಯ ತನಕ ಬಿಟ್ಟು ಬಂದೆ.

ಮುಂದಿನ ಸೋಮವಾರ ಬೆಳಿಗ್ಗೆ ಪಿಳ್ಳಪ್ಪನವರ ಬಾಗಿಲ ಮೇಲೆ ಕೆಂಪು ಬಣ್ಣದ ಹಸ್ತದ ಗುರುತಿತ್ತು. ಅವತ್ತೇ ಎಲ್ಲರ ಮೊಬೈಲಿಗೂ ಸುದ್ದಿ ಬಂತು: ಭಾನುವಾರ ಹನ್ನೊಂದು ಗಂಟೆಗೆ ವೀರಗಲ್ಲಿನ ಬಳಿ ದಿಗ್ಬಂಧನ ಬಿಡಿಸುವ ಕಾರ್ಯ. ಆಮೇಲೆ "ಮನೆ ಶುದ್ಧಿ". ಶುದ್ಧಿ ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ಬೆಂಕಿ ಇಡುವುದು ಎಂದು ಎಲ್ಲರಿಗೂ ಗೊತ್ತಿತ್ತು. ಪಿಳ್ಳಪ್ಪನವರು ಮೊಮ್ಮಗಳನ್ನು ಚಿಂತಾಮಣಿಯ ನೆಂಟರ ಮನೆಗೆ ಕಳಿಸಿಬಿಟ್ಟರು. ತಾವೂ ಹೊರಡಬೇಕೆಂದರೆ ಚಂದ್ರಿಕೆಯ ಬಿದಿರ ತಟ್ಟೆಯಲ್ಲಿ ಹುಳು ಗೂಡು ಕಟ್ಟುತ್ತಿತ್ತು, ಬಿಟ್ಟು ಹೋಗುವಂತಿರಲಿಲ್ಲ.

ಆ ಮಂಗಳವಾರ ನಾನು ಹಟ ಬಿಟ್ಟು ಶ್ಯಾಮಲಮ್ಮನ ಮನೆಗೆ ಹೋದೆ. "ಅಕ್ಕಾ, ಅವತ್ತು ನಗಬಾರದಿತ್ತು. ತಪ್ಪಾಯ್ತು" ಎಂದೆ. ಅವರು ಕೂರಲು ಮಣೆ ಕೊಟ್ಟರು.

ಆವಲಪ್ಪನವರು ಜಗಲಿಯಿಂದಲೇ ಗದರಿದರು. "ಏನಮ್ಮಾ, ನಮ್ಮ ವಂಶ ದೊಡ್ಡದು ಅಂತ ಯಾರೋ ಹೇಳಿದ್ರೆ ನಿನಗ್ಯಾಕೆ ಉರಿ?"

"ದೊಡ್ಡದೇ ಇರಲಿ ಬಿಡಿ ಮಾವ. ಅದಕ್ಕೆ ಪಿಳ್ಳಪ್ಪ ಮಾವ ಯಾಕೆ ಊರು ಬಿಡಬೇಕು?"

"ಅವರೇನೋ ಬಚ್ಚಿಡ್ತಾರೆ. ಬಾಗಿಲು ಯಾಕೆ ಹಾಕ್ತಾರೆ ಹೇಳು ನೋಡಣ?"

"ಕೇಳಣ ಬನ್ನಿ" ಎಂದೆ. ಅವರು ಬರಲಿಲ್ಲ. ಶ್ಯಾಮಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ನಾರಾಯಣಮ್ಮ ಹುಳುಮನೆಯ ಕಿಟಕಿಯ ಜಾಲರಿಯಾಚೆ ನಿಂತು ಮಾತಾಡಿದರು. ಒಳಗೆ ಕರೆಯಲಿಲ್ಲ. ಕಣ್ಣು ಊದಿತ್ತು.

"ಬಾಗಿಲು ಹಾಕೋದು ನಿನ್ನ ಮೇಲಿನ ಸಿಟ್ಟಿಗಲ್ಲ ಶ್ಯಾಮಲಾ. ರೇಷ್ಮೆ ಇಲಾಖೆಯೋರು ಹೇಳಿಕೊಟ್ಟವ್ರೆ. ಹೊರಗಿನ ಕಾಲು ಒಳಗೆ ಬಂದ್ರೆ ರೋಗನೂ ಬರ್ತೈತೆ. ನೋಡು, ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಒಳಗಿನ ಚಪ್ಪಲಿನೇ ಬೇರೆ. ನನ್ನ ಗಂಡನೂ ಕೈ ತೊಳೀದೆ ಬಂದ್ರೆ ಆಚೆ ದಬ್ತೀನಿ. ಆ ಮಳೆ ವಾರದಲ್ಲಿ ನೀನು ಸೊಪ್ಪು ಒಣಗಿಸಿ ಹಾಕಿದ್ಯಾ?"

ಶ್ಯಾಮಲಮ್ಮ ಜಾಲರಿಗೆ ಹಣೆ ಆನಿಸಿದರು. "ಎಲ್ಲಿ ಒಣಗಿಸ್ಲೇ? ಐದು ದಿನ ಬಿಡದೆ ಹುಯ್ತು. ನೆಂದ ಸೊಪ್ಪೇ ಹಾಕ್ದೆ."

"ಅಷ್ಟೇ ಕಣೇ. ಸಪ್ಪೆ ರೋಗ ಬಂತು. ನಂಗೂ ಮೂರು ವರ್ಷದ ಹಿಂದೆ ಹಂಗೇ ಆಗಿತ್ತು. ಮಾಟ ಮಾಡೋ ಹಂಗಿದ್ರೆ ಆವಾಗ ನನ್ನ ಹುಳ ಯಾಕೆ ಸಾಯ್ತಿತ್ತು?"

ಆ ರಾತ್ರಿ ಶ್ಯಾಮಲಮ್ಮ ಮಗನನ್ನು ಹಿಡಿದು ಕೇಳಿದರಂತೆ. ಅವರ ತವರೂ ಚಿಂತಾಮಣಿ ಕಡೆಯೇ. ಸಿಟ್ಟು ಬಂದರೆ ಮಾತಿನಲ್ಲಿ ತೆಲುಗೂ ಬೆರೆಯುವುದು.

"ಏಂರಾ, ಮೂಡಲಿಂದ ಬಂದೋರೆಲ್ಲ ಮಾಟಗಾರ್ರು ಅಂದ್ರೆ ನಾನೂ ಹಂಗೇನಾ? ನನ್ನನ್ನೂ ಸುಡ್ತೀಯಾ ನಾಯ್ನಾ?"

"ನೀನು ಈ ಮನೆ ಸೇರಿದ್ಮೇಲೆ ನಿನ್ನ ರಕ್ತ ಬದಲಾಯ್ತಂತೆ ಅಮ್ಮಾ. ವೇಣಣ್ಣ ಹೇಳವ್ರೆ."

ನೋಡಿ, ಸುಳ್ಳಿಗೆ ಎಷ್ಟು ಸಲೀಸು. ಎಲ್ಲಿ ತೂತು ಕಂಡಿತೋ ಅಲ್ಲಿ ಒಂದು ತೇಪೆ. ತಾಯಿ ಎಷ್ಟು ಅತ್ತರೂ ಹುಡುಗ ಜಗ್ಗಲಿಲ್ಲ. ಭಾನುವಾರ ಮೊದಲ ಪಂಜು ಹಿಡಿಯುವುದು ಅವನೇ ಎಂದು ಆಗಲೇ ನಿಗದಿಯಾಗಿತ್ತು.

ಶುಕ್ರವಾರ ಫ್ಯಾಕ್ಟರಿಯಲ್ಲಿ ನಡೆದದ್ದನ್ನು ಆಮೇಲೆ ರಮೇಶನೇ ನನಗೆ ಹೇಳಿದ. ಅವನ ಫ್ಯಾಕ್ಟರಿಯಲ್ಲಿ ಒಂದು ನಿಯಮ. ಮೆಷಿನ್ನಿಗೆ ಸಿಕ್ಕಿಕೊಳ್ಳಬಾರದೆಂದು ಉಂಗುರ, ಸರ, ದಾರ ಎಲ್ಲವನ್ನೂ ಬಾಗಿಲಲ್ಲೇ ಬಿಚ್ಚಿ ಟ್ರೇಗೆ ಹಾಕಬೇಕು. ರಮೇಶ ಇಷ್ಟು ದಿನ ತಾಯತವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡೇ ಹೋಗುತ್ತಿದ್ದ. ಅವತ್ತು ಸೂಪರ್‌ವೈಸರ್ ಹಿಡಿದು ಬಿಚ್ಚಿಸಿದ. ಶಿಫ್ಟು ಮುಗಿಸಿ ಬಂದು ಟ್ರೇ ನೋಡಿದರೆ ಅಲ್ಲಿ ಎರಡು ತಾಯತಗಳಿದ್ದವು. ಅದೇ ಕಪ್ಪು ದಾರ, ಅದೇ ತಾಮ್ರ, ಅದೇ ಮೂರು ಗೆರೆ.

ಪಕ್ಕದಲ್ಲಿ ಇನ್ನೊಬ್ಬ ಹುಡುಗ ಬೆವರುತ್ತ ನಿಂತಿದ್ದ. ಮುರಳಿಮೋಹನ್ ಅಂತ, ಚಿಂತಾಮಣಿ ಕಡೆಯ ಹಳ್ಳಿಯವನು, ಗೌರಿಬಿದನೂರಿನಲ್ಲಿ ರೂಮು ಮಾಡಿಕೊಂಡಿದ್ದ. ಎರಡು ವರ್ಷದಿಂದ ಇಬ್ಬರೂ ಅಕ್ಕಪಕ್ಕದ ಮೆಷಿನ್ನಿನವರು.

"ಇದು ನಂದು, ಮುಟ್ಬ್ಯಾಡ" ಎಂದ ಮುರಳಿ.

"ನಿಂದು ಹೆಂಗಾಗ್ತೈತೆ? ಇದು ನಮ್ಮೂರ ವೀರಗಲ್ಲಿನ ಪುಡೀದು. ಇಂಥದ್ದು ಇನ್ನೊಂದಿಲ್ಲ."

"ಲೇ, ನಮ್ಮೂರ ಕಲ್ಲಿಂದು ಕಣೋ! ನಂಗೂ ಹಂಗೇ ಹೇಳವ್ರೆ. ನಾನು ದ್ವಾರಪಾಲಕ."

ರಮೇಶ ಅವನ ಹತ್ತಿರಕ್ಕೆ ಸರಿದ. "ನಿಮಗೆ ದಿಗ್ಬಂಧನ ಹಾಕಿದ್ದು ಯಾರಂತೆ?"

ಮುರಳಿ ನೆಲ ನೋಡಿಕೊಂಡು ಹೇಳಿದ. "ಪಡುವಲಿನ ಬೆಟ್ಟದ ಮಾಟಗಾರ್ರು. ನಿಮ್ಮ ಕಡೆಯೋರು. ನಮ್ಮೂರಲ್ಲೂ ಒಂದು ಮನೆ ಐತೆ. ಈ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಅಂತ ಹೇಳವ್ರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದ ಹುಡುಗರು. ಯಾವ ತಾಯತ ಯಾರದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಕಟ್ಟಿಕೊಳ್ಳಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಶನಿವಾರ ಮಧ್ಯಾಹ್ನ ರಮೇಶ ಮುರಳಿಯನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಬಂದ. ಮನೆಯಲ್ಲಿ ಆಗಲೇ ಎಲ್ಲ ಹೇಳಿದ್ದ, ಹಿಂದೆಯೇ ಅಪ್ಪ, ಅಮ್ಮ. ತಾಯತಗಳು ಮೇಜಿನ ಮೇಲೆ. ಮುಟ್ಟಲು ಯಾರಿಗೂ ಕೈ ಬರಲಿಲ್ಲ. ನಿಜ ಹೇಳುತ್ತೇನೆ, ಇಷ್ಟು ಮಾತಾಡುವ ನಾನೂ ಕೈ ಹಿಂದಕ್ಕೆ ಎಳೆದುಕೊಂಡೆ. ಹೆದರಿಕೆ ಅಂಟುಜಾಡ್ಯವೇ ಸರಿ.

ಶ್ಯಾಮಲಮ್ಮ ಮುಂದೆ ಬಂದರು. "ರಕ್ತ ಕಾರೋದಿದ್ರೆ ನಾನೇ ಕಾರ್ತೀನಿ" ಎಂದವರೇ ಒಂದು ತಾಯತವನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚಳ ತೆಗೆದರು. ರಮೇಶ "ಅಮ್ಮಾ!" ಎಂದು ಕೂಗಿದ. ಶ್ಯಾಮಲಮ್ಮನಿಗೆ ಏನೂ ಆಗಲಿಲ್ಲ. ಚಿಟಿಕೆ ಇಟ್ಟಿಗೆ ಪುಡಿ, ಸುರುಳಿ ಸುತ್ತಿದ ಒಂದು ಕಾಗದ ಬಿದ್ದವು. ಎರಡನೆಯದರಲ್ಲೂ ಅಷ್ಟೇ.

ಎರಡು ಕಾಗದಗಳನ್ನೂ ಪಕ್ಕಪಕ್ಕ ಬಿಡಿಸಿಟ್ಟೆ. ವಿಡಿಯೋದ ಅದೇ ಕಥೆ, ಪೂರ್ತಿ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದು, ಅಕ್ಷರ ಅಕ್ಷರವೂ ಒಂದೇ. ಊರಿನ ಹೆಸರು ಮತ್ತು ಶತ್ರುವಿನ ದಿಕ್ಕು, ಈ ಎರಡು ಕಡೆ ಮಾತ್ರ ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ನೀಲಿ ಪೆನ್ನಿನಲ್ಲಿ ಬರೆದಿತ್ತು. ಒಂದರಲ್ಲಿ "ಮೂಡಲು", ಇನ್ನೊಂದರಲ್ಲಿ "ಪಡುವಲು".

ಆವಲಪ್ಪನವರು ಕನ್ನಡಕ ಹಾಕಿಕೊಂಡು ಎರಡನ್ನೂ ಮೂರು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿ, "ಹಂಗಾರೆ ಆ ಕಲ್ಲಿನ ಮೇಲೆ ನಿಜವಾಗಿ ಏನು ಬರೆದೈತೆ?" ಎಂದು ಕೇಳಿದರು.

"ಓದಬಲ್ಲ ಶಾಸನದ ಮೇಷ್ಟ್ರನ್ನ ಕರೆಸಿ ಹೋದ ವರ್ಷಾನೇ ಓದಿಸಿದ್ದೆ ಮಾವ. ಸವೆದು ಹೋಗಿ ಉಳಿದಿರೋದು ಮೂರೇ ಸಾಲು. ಪಕ್ಕದೂರಿನ ದನಗಳನ್ನ ಕಳ್ಳರು ಹೊಡ್ಕೊಂಡು ಹೋದಾಗ ಬಿಡಿಸೋಕೆ ಹೋಗಿ ಸತ್ತೋನು ಒಬ್ಬ. ಮಣಿ ಇಲ್ಲ, ಮಾಟ ಇಲ್ಲ. ಯಾರ ಊರಿನ ದನಕ್ಕೋ ಪ್ರಾಣ ಕೊಟ್ಟ. ನಿಮಗೆ ಹೆಮ್ಮೆ ಬೇಕಿದ್ರೆ ಅದು ಸಾಲದಾ?"

ರಮೇಶ ಎದ್ದು ಸೀದಾ ನಾರಾಯಣಮ್ಮನ ಮನೆಗೆ ನಡೆದ. ನಾವೂ ಹಿಂದೆ ಹೋದೆವು. ಬಾಗಿಲಲ್ಲಿ ನಿಂತು, "ಅತ್ತೇ, ಆ ಕೆಂಪು ಕೈ ನಂದೇ" ಎಂದ.

"ಗೊತ್ತು ಕಣಪ್ಪ" ಎಂದರು ನಾರಾಯಣಮ್ಮ. "ಸೊಟ್ಟ ಕಿರುಬೆರಳು ನೋಡಿದ ಕೂಡ್ಲೆ ಗೊತ್ತಾಯ್ತು. ಆರು ವರ್ಷದೋನಿದ್ದಾಗ ಹುಣಸೆ ಮರದಿಂದ ಬಿದ್ದಿದ್ದೆ. ಮುರಿದ ಮೂಳೆಗೆ ಪುತ್ತೂರು ಕಟ್ಟು ಹಾಕಿಸ್ಕೊಂಡು ಬಂದೋಳು ನಾನೇ."

"ಮತ್ತೆ ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಮ್ಮ ಬದುಕ್ತಿದ್ಲಾ?"

ಶ್ಯಾಮಲಮ್ಮ ಹೋಗಿ ಅವರ ಕೈ ಹಿಡಿದುಕೊಂಡರು.

ಆದರೆ ಭಾನುವಾರ ಇನ್ನೂ ಬಾಕಿಯಿತ್ತು. ನಾನು ಮೊಬೈಲು ತೆಗೆದು ೧೧೨ಕ್ಕೆ ಫೋನು ಮಾಡಲು ಹೋದರೆ ಆವಲಪ್ಪನವರು ಕೈ ಹಿಡಿದರು. "ಮಗನ ಹೆಸರು ಬರ್ತೈತಮ್ಮಾ. ಮರ್ಯಾದೆ ಹೋಗ್ತೈತೆ." ರಮೇಶನೇ ಹೇಳಿದ, "ಬರಲಿ ಅಪ್ಪಾ. ನಾಳೆ ಬೆಂಕಿ ಬಿದ್ರೆ ಹೆಸರು ಹಂಗೂ ಬರ್ತೈತೆ." ಅವನೇ ಫೋನು ಮಾಡಿ ಎಲ್ಲ ಹೇಳಿದ.

ಭಾನುವಾರ ಹನ್ನೊಂದಕ್ಕೆ ರಮೇಶ ವೀರಗಲ್ಲಿನ ಬಳಿ ಹೋಗಲಿಲ್ಲ, ಸ್ವಲ್ಪ ಹೊತ್ತಿಗೆ ನಮ್ಮ ಬೀದಿಯಲ್ಲೇ ಬೈಕುಗಳ ಸದ್ದು ಕೇಳಿಸಿತು. ಮೂವತ್ತು ಹುಡುಗರು, ಕೆಲವರ ಕೈಯಲ್ಲಿ ಪೆಟ್ರೋಲು ಕ್ಯಾನು. ಮುಂದೆ ಬಿಳಿ ಕಾರು. ಹತ್ತಕ್ಕೇ ಬರುತ್ತೇವೆಂದಿದ್ದ ಪೊಲೀಸರು ಇನ್ನೂ ದಾರಿಯಲ್ಲಿದ್ದರು. ಮುರಳಿಯೂ ಸೇರಿ ನಾವು ಐದು ಜನ ಪಿಳ್ಳಪ್ಪನವರ ಬಾಗಿಲ ಮುಂದೆ ನಿಂತಿದ್ದೆವು.

"ದ್ವಾರಪಾಲಕ, ತಾಯತ ಎಲ್ಲಿ?" ಎಂದ ವೇಣುಗೋಪಾಲ್.

ರಮೇಶ ಹುಡುಗರ ಕಡೆ ತಿರುಗಿ ತನ್ನ ಕಾಗದ ಓದಿದ. ಮುಗಿಸಿದ ಕೂಡಲೇ ಮುರಳಿ ತನ್ನದನ್ನು ಓದಿದ. ಅದೇ ಮಾತು, ಅದೇ ಸಾಲು. "ಮೂಡಲು" ಇದ್ದಲ್ಲಿ "ಪಡುವಲು".

"ಬಿಚ್ಚಿಬಿಟ್ರಾ! ಸಾಯ್ತೀರ!" ಎಂದು ಕಿರುಚಿದ ವೇಣುಗೋಪಾಲ್.

"ಬಿಚ್ಚಿ ಒಂದು ದಿನ ಆಯ್ತು" ಎಂದರು ಶ್ಯಾಮಲಮ್ಮ. "ಬೆಳಿಗ್ಗೆ ಎರಡು ಮುದ್ದೆ ಉಂಡಿವ್ನಿ."

ಯಾರೋ ನಕ್ಕರು. ಬೈಕಿನ ಮೇಲಿದ್ದ ಒಬ್ಬ ಹುಡುಗ ತನ್ನ ಕೊರಳಿನ ತಾಯತಕ್ಕೆ ಕೈ ಹಾಕಿದ. ಇನ್ನೊಬ್ಬ ಆಗಲೇ ದಾರ ಕಡಿದಿದ್ದ. ಒಂದಾದ ಮೇಲೊಂದು ಕಾಗದ ಬಿಚ್ಚಿಕೊಂಡವು. ಆದರೂ ಎಲ್ಲರೂ ಮನಸ್ಸು ಬದಲಾಯಿಸಲಿಲ್ಲ. ನಾಲ್ಕೈದು ಜನ ಕ್ಯಾನು ಹಿಡಿದು ಮುಂದೆ ಬಂದೇ ಬಂದರು. ಅವರನ್ನು ತಡೆದವರು ಆವಲಪ್ಪನವರು. ಎಪ್ಪತ್ತರ ಹತ್ತಿರದ ಮನುಷ್ಯ, ಎದೆ ಕೊಟ್ಟು ನಿಂತು, "ಮೊದಲು ನನ್ನ ಮೇಲೆ ಸುರೀರಲೇ" ಎಂದು ಗರ್ಜಿಸಿದರು. ಆ ಹೊತ್ತಿಗೆ ಜೀಪು ಬಂತು. ವೇಣುಗೋಪಾಲನೂ ಕ್ಯಾನು ಹಿಡಿದವರೂ ಅದರಲ್ಲಿ ಹೋದರು. ರಮೇಶನೂ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದ. ಬಾಗಿಲಿಗೆ ಬಣ್ಣ ಬಳಿದದ್ದನ್ನೂ ಮುಚ್ಚಿಡಲಿಲ್ಲ. ಆ ಕೇಸು ಇನ್ನೂ ನಡೆಯುತ್ತಿದೆ. ಮುರಳಿಯ ಊರಿಗೂ ಪೊಲೀಸರು ಹೋಗಿ ಅಲ್ಲಿನ ಭಾನುವಾರ ನಡೆಯದಂತೆ ನೋಡಿಕೊಂಡರು.

ಮರುವಾರ ರಮೇಶ ನನ್ನನ್ನು ಜೊತೆಗೆ ಕರೆದುಕೊಂಡು ಚಿಂತಾಮಣಿಗೆ ಹೋದ, ಧನುಶ್ರೀಯನ್ನು ಕರೆತರಲು. ಹುಡುಗಿ ಹೊಸ್ತಿಲ ಒಳಗೇ ನಿಂತಳು.

"ಅಣ್ಣಾ, ನನ್ನ ರಕ್ತದಲ್ಲಿ ಏನೈತೆ ಅಂತ ಹೇಳಿದ್ರು ಅವರು?"

ಅಷ್ಟು ದೊಡ್ಡ ಹುಡುಗ ಬೀದಿಯಲ್ಲಿ ನಿಂತು ಅತ್ತ. ಅವಳು ಒಳಗೆ ಹೋಗಿ ಬ್ಯಾಗು ತಂದಳು.

"ಹೊಸ ಹುಳಕ್ಕೆ ಅಜ್ಜಿ ಒಬ್ಳೇ ಸೊಪ್ಪು ಹೆಚ್ಚೋಕಾಗಲ್ಲ, ಅದಕ್ಕೆ ಬರ್ತೀನಿ. ನಿನ್ನ ಜೊತೆ ಮಾತಾಡೋದು ಆಮೇಲೆ ನೋಡಣ" ಎಂದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತಳು, ಅವನ ಪಕ್ಕ ಅಲ್ಲ. ಇವತ್ತಿಗೂ ಅವನ ಹತ್ತಿರ ಹೆಚ್ಚು ಮಾತಿಲ್ಲ. ಅವನು ಕಾಯುತ್ತಿದ್ದಾನೆ.

ಇದನ್ನು ಮಹಿಳಾ ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಮನೆಯಲ್ಲಿ ಓದುತ್ತಿರುವ ಅಣ್ಣಂದಿರೇ, ದೇವರ ಮೇಲಿನ ಭಕ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಊರಿನ ಕಲ್ಲಿಗೆ ಹೂ ಇಡಿ. ಆದರೆ ನಿಮ್ಮ ನೋವಿನ ಹೊತ್ತಿಗೆ ಸರಿಯಾಗಿ ಬಂದು, ಗುಟ್ಟಿನ ಆಣೆ ಇಡಿಸಿ, ಮನೆಯವರಿಗೆ ಹೇಳಬೇಡ ಎನ್ನುವವರನ್ನು ನಂಬಬೇಡಿ. ಹಳೆಯ ಕಥೆ ಯಾರಾದರೂ ಹೇಳಿದರೆ ಅದು ಎಲ್ಲಿ ಬರೆದಿದೆ, ಯಾರು ಓದಿದರು ಎಂದು ಕೇಳಿ. ಪಕ್ಕದೂರಿನವರಿಗೂ ಅದನ್ನೇ ಹೇಳಿದ್ದಾರೆಯೇ ಎಂದು ವಿಚಾರಿಸಿ. ಮಗ, ತಮ್ಮ ಇಂಥದ್ದರಲ್ಲಿ ಸಿಕ್ಕಿಬಿದ್ದರೆ ನನ್ನ ಹಾಗೆ ನಗಬೇಡಿ, ಜೊತೆಗೆ ಕೂತು ಮಾತಾಡಿಸಿ. ಬೆದರಿಕೆ ಬಂದರೆ ಮರ್ಯಾದೆಗೆ ಅಂಜದೆ ೧೧೨ಕ್ಕೆ ಫೋನು ಮಾಡಿ.

ಮತ್ತೆ ನಾಳೆ ಯಾರೋ ನಿಮ್ಮ ಜಗಲಿಯಲ್ಲಿ ಕೂತು, ನಿಮ್ಮ ವಂಶ ದೊಡ್ಡದು ಎಂದು ಶುರುಮಾಡಿದರೆ, ಅದಕ್ಕಾಗಿ ಯಾರ ಮನೆ ಖಾಲಿಯಾಗಬೇಕು ಎಂದು ಕೇಳಿ. ಆ ಮನೆಯಲ್ಲಿ ಒಂದು ಮಗು ಇರುತ್ತದೆ, ಅದರ ಹೆಸರು ನಿಮಗೆ ಗೊತ್ತಿರುತ್ತದೆ. ಆ ಹೆಸರನ್ನು ಅವರ ಮುಂದೆ ಗಟ್ಟಿಯಾಗಿ ಹೇಳಿ.